ಎಂಟು ಬಿಟ್ಟ ಮುಖ

ನಮ್ಮೂರಿನಲ್ಲಿ ಆರು ವರ್ಷಕ್ಕೊಮ್ಮೆ ಎಲ್ಲರೂ ಫೋಟೋ ತೆಗೆಸಿಕೊಳ್ಳಬೇಕು. ತೆಗೆಸಿದ ಫೋಟೋ ಸೋಮವಾರ ಸಂಜೆ ಚಾವಡಿಯ ಗೋಡೆಗೇರುತ್ತದೆ. ಮಂಗಳವಾರ ಬೆಳಿಗ್ಗೆಯಿಂದ ಮುಖ ಅದರಂತೆ ಇರುತ್ತದೆ. ನಗು, ಸಿಟ್ಟು, ಅಳು ಏನಿದ್ದರೂ ಮುಂದಿನ ಆರು ವರ್ಷ ಆ ಮುಖದ ಮೇಲೆಯೇ ನಡೆಯಬೇಕು. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ಅವರ ಊರಿನಲ್ಲಿ ಮುಖಗಳು ಯಾರನ್ನು ಕೇಳಿ ಇರುತ್ತವೆ ಎಂದು ನಾವು ಎಂದೂ ವಿಚಾರಿಸಿಲ್ಲ.

ಹೊಂದಿಕೊಂಡು ಹೋಗುವುದೇನೂ ಕಷ್ಟವಲ್ಲ. ನೂಲಿನ ಅಂಗಡಿಯ ವೀರಭದ್ರಪ್ಪ ಫೋಟೋ ಹೊತ್ತಿಗೆ ಕಣ್ಣು ಮಿಟುಕಿಸಿಬಿಟ್ಟ. ಆರು ವರ್ಷ ಅರೆಗಣ್ಣು. ಮೊದಲ ವರ್ಷ ಗಿರಾಕಿಗಳು ನಿದ್ದೆ ಎಂದುಕೊಂಡು ವಾಪಸು ಹೋದರು. ಎರಡನೆಯ ವರ್ಷ ಯಾರೋ ಅದನ್ನು ಧ್ಯಾನ ಎಂದರು. ಮೂರನೆಯ ವರ್ಷದಿಂದ ದಾರದುಂಡೆ ಕೊಳ್ಳಲು ಬಂದವರು ಕಾಲಿಗೂ ಬಿದ್ದು ಹೋಗತೊಡಗಿದರು. ಮುಂದಿನ ಸಲ ಅವನು ಬೇಕೆಂದೇ ಕಣ್ಣು ಮಿಟುಕಿಸಿದ. ನಾನು ನಾಲ್ಕು ಸಲ ತೆಗೆದೆ, ನಾಲ್ಕು ಸಲವೂ ಮಿಟುಕಿಸಿದ. ಅಂಚೆಯ ಹನುಮರಡ್ಡಿಯದು ಸೀನು ಬರುವುದಕ್ಕೆ ಒಂದು ಕ್ಷಣ ಮೊದಲಿನ ಮುಖ. ಅವನು ಕಾಗದ ತಂದರೆ ಜನ ಎರಡು ಹೆಜ್ಜೆ ಹಿಂದೆ ಸರಿದು ಕೈ ಮಾತ್ರ ಮುಂದೆ ಚಾಚುತ್ತಾರೆ. ಟಪಾಲು ತಪ್ಪದೆ ಮುಟ್ಟುತ್ತದೆ.

ಫೋಟೋ ತೆಗೆಯುವವನೂ, ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವವನೂ ನಾನೇ, ಈರಸಂಗಪ್ಪ. ಹದಿನೆಂಟು ವರ್ಷದಿಂದ ಈ ಊರಿನ ಮೂಗು, ಗಲ್ಲ, ಮೊಡವೆಗಳೆಲ್ಲ ನನ್ನ ಬೆರಳ ತುದಿಯಲ್ಲಿವೆ. ಬಂದವರು ಮೊದಲು ಹೇಳುವುದು ಒಂದೇ ಮಾತು: “ಏನೂ ತಿದ್ದಬ್ಯಾಡ್ರಿ, ದೇವರು ಕೊಟ್ಟಂಗ ಇರ್ಲಿ.” ಹೀಗೆ ಹೇಳಿ ಬಾಗಿಲ ತನಕ ಹೋಗುತ್ತಾರೆ, ತಿರುಗಿ ಬರುತ್ತಾರೆ, ದೇವರು ಎಲ್ಲೆಲ್ಲಿ ಅವಸರ ಮಾಡಿದ್ದಾನೆಂದು ಅರ್ಧ ಗಂಟೆ ತೋರಿಸುತ್ತಾರೆ.

ಈ ಕೆಲಸದಲ್ಲಿ ತಿಳಿದಿರಬೇಕಾದದ್ದು ಒಂದೇ. ಫೋಟೋವನ್ನು ಎಂಟು ಬಿಟ್‌ನಲ್ಲೂ ಇಟ್ಟುಕೊಳ್ಳಬಹುದು, ಹದಿನಾರು ಬಿಟ್‌ನಲ್ಲೂ ಇಟ್ಟುಕೊಳ್ಳಬಹುದು. ಎಂಟು ಎಂದರೆ ಒಂದೊಂದು ಬಣ್ಣಕ್ಕೂ ಕತ್ತಲೆಯಿಂದ ಬೆಳಕಿಗೆ ಹತ್ತಲು ಇನ್ನೂರೈವತ್ತಾರು ಮೆಟ್ಟಿಲು. ಹದಿನಾರು ಎಂದರೆ ಅರವತ್ತೈದು ಸಾವಿರದ ಮೇಲೆ. ಸುಮ್ಮನೆ ನೋಡಿದರೆ ಎರಡೂ ಒಂದೇ, ನನ್ನ ಕಣ್ಣಿಗೂ ಗೊತ್ತಾಗುವುದಿಲ್ಲ. ತಿದ್ದಲು ಕೂತಾಗಲೇ ಕಷ್ಟ ಶುರು. ಕತ್ತಲೆಯ ಮೂಲೆಯಲ್ಲಿ ಇದ್ದದ್ದು ಇಪ್ಪತ್ತೇ ಮೆಟ್ಟಿಲು ಅನ್ನಿ. ಬೆಳಕು ಹೆಚ್ಚಿಸಲು ಅದನ್ನೇ ಎಳೆದು ಮಾಳಿಗೆಗೆ ಮುಟ್ಟಿಸಿದರೆ ಮೆಟ್ಟಿಲು ಹೆಚ್ಚಾಗುವುದಿಲ್ಲ, ಸಂದು ಹೆಚ್ಚಾಗುತ್ತದೆ. ಹದಿನಾರರಲ್ಲಿ ಎಷ್ಟು ಎಳೆದರೂ ಕಾಲಿಗೆ ಮೆಟ್ಟಿಲು ಸಿಗುತ್ತದೆ. ಆದರೆ ಹದಿನಾರರ ಫೋಟೋ ತೆರೆದರೆ ನನ್ನ ಕಂಪ್ಯೂಟರು ಹೊಂಡಕ್ಕಿಳಿದ ಎಮ್ಮೆಯಂತೆ ಕೂತುಬಿಡುತ್ತದೆ. ಹಾಗಾಗಿ ಊರಿನ ಮುಖಗಳನ್ನೆಲ್ಲ ನಾನು ಎಂಟರಲ್ಲೇ ಮುಗಿಸುತ್ತಿದ್ದೆ. ಫೋಟೋದಲ್ಲಿ ಎಷ್ಟು ಮೆಟ್ಟಿಲೋ ಮುಖದ ಭಾವಕ್ಕೂ ಅಷ್ಟೇ ಮೆಟ್ಟಿಲು ಎಂಬುದು ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟೊಂದು ಭಾವ ಬೇಕಾಗುವುದಿಲ್ಲ. ಚಾವಡಿಯ ಕಾರಕೂನ ಒಂದೇ ಭಾವದಲ್ಲಿ ಇಪ್ಪತ್ತು ವರ್ಷ ನೌಕರಿ ಮಾಡಿದ್ದಾನೆ.

ನೀಲಗಂಗವ್ವನ ಮಾತು ಬೇರೆ. ಆಕೆ ಮದುವೆ ಕೂಡಿಸುವವಳು. ನಮ್ಮೂರಿನ ಪ್ರತಿ ಸಂಬಂಧದಲ್ಲೂ ಬೀಗರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಮುಖ ಅಸಲೋ, ತಿದ್ದಿದ್ದೋ?” ಇದನ್ನು ಹೆತ್ತವರನ್ನು ಕೇಳುವಂತಿಲ್ಲ, ನಡುವಿನವರನ್ನು ಕೇಳಬೇಕು. ನಡುವಿನವರು ಬಾಯಿಬಿಟ್ಟು ಉತ್ತರ ಹೇಳುವುದು ಮರ್ಯಾದೆಯಲ್ಲ. ಸುಮ್ಮನೆ ಮುಖ ತೋರಿಸಬೇಕು, ಕೇಳಿದವರು ಅದನ್ನು ಓದಿಕೊಳ್ಳಬೇಕು. ನೀಲಗಂಗವ್ವ ಆಗ ಒಂದು ಮುಖ ಮಾಡುತ್ತಿದ್ದಳು. ಅದು ನಗುವಲ್ಲ, ಬೇಸರವಲ್ಲ, ಹೌದಲ್ಲ, ಅಲ್ಲವೂ ಅಲ್ಲ. ಗಂಡಿನ ಕಡೆಯವರು ಅದರಲ್ಲಿ ತಮಗೆ ಬೇಕಾದ್ದನ್ನು ಓದಿಕೊಳ್ಳುತ್ತಿದ್ದರು, ಹೆಣ್ಣಿನ ಕಡೆಯವರು ತಮಗೆ ಬೇಕಾದ್ದನ್ನು. ಆ ಒಂದು ಮುಖದ ಮೇಲೆ ನಮ್ಮೂರಿನ ಅರ್ಧ ಸಂಸಾರಗಳು ನಿಂತಿವೆ, ನನ್ನದೂ ಸೇರಿ.

ಆಕೆಯ ಸರದಿ ಬಂದ ದಿನ ಮೋಡ ಕವಿದಿತ್ತು, ಕರೆಂಟು ಹೋಗಿತ್ತು. ಫೋಟೋ ಕಪ್ಪಗೆ ಬಂತು. “ಸ್ವಲ್ಪ ಬೆಳ್ಳಗ ಮಾಡೋ ತಮ್ಮಾ,” ಎಂದಳು, “ಮಾಡಿದ್ದು ಯಾರಿಗೂ ತಿಳೀಬಾರದು, ಆದ್ರ ಎಲ್ಲಾರೂ ನೋಡಬೇಕು.” ಕ್ಯಾಮೆರಾದಲ್ಲಿ ಎಲ್ಲ ಮೆಟ್ಟಿಲಿದ್ದ ದಪ್ಪನೆಯ ಅಸಲು ಫೋಟೋ ಇತ್ತು. ಕರೆಂಟು ಬಂದ ಮೇಲೆ ನಾನು ಅದನ್ನು ಬಿಟ್ಟು ಎಂಟರದ್ದನ್ನೇ ತೆರೆದೆ, ಎಳೆದೆ. ಪರದೆಯ ಮೂಲೆಯಲ್ಲಿ ಮೆಟ್ಟಿಲುಗಳ ಲೆಕ್ಕ ತೋರಿಸುವ ಬೆಳಕಿನ ನಕ್ಷೆಯೊಂದು ಕಾಣುತ್ತದೆ. ಗುಡ್ಡದಂತಿದ್ದದ್ದು ಹಲ್ಲು ಮುರಿದ ಬಾಚಣಿಗೆಯಂತಾಯಿತು. ನಾನು ಅದನ್ನು ನೋಡಲಿಲ್ಲ ಎಂದರೆ ಸುಳ್ಳು. ಒಳಗಿನಿಂದ ಹೆಂಡತಿ ಶಾವಂತ್ರಿ ರೊಟ್ಟಿ ಆರುತ್ತಿವೆ ಎಂದು ಕೂಗಿದಳು. ಎಣಗಾಯಿ ಪಲ್ಯದ ವಾಸನೆ ಬರುತ್ತಿತ್ತು. ಹಾಗೇ ಉಳಿಸಿ ಎದ್ದೆ. ಮರುದಿನ ಬೇರೆಯವರ ಫೋಟೋಗೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡನ್ನೂ ಒರೆಸಿದೆ.

ಮಂಗಳವಾರ ಆಕೆ ಎಣ್ಣೆ ಗಾಣದವರ ಮನೆಗೆ ಸಂಬಂಧ ಮಾತಾಡಲು ಹೋದಳು. ಬೀಗರು ವಾಡಿಕೆಯ ಪ್ರಶ್ನೆ ಕೇಳಿದರು. ನೀಲಗಂಗವ್ವ ತನ್ನ ಮುಖ ಮಾಡಲು ಹೋದಳು. ಮುಖ ನೆಟ್ಟಗೆ ಇದ್ದದ್ದು ಒಮ್ಮೆಲೇ ಕಿವಿ ತನಕ ನಕ್ಕಿತು. ಆಕೆ ಗಾಬರಿಯಾಗಿ ಇಳಿಸಿದಳು. ಅದು ನಡುವೆ ಎಲ್ಲೂ ನಿಲ್ಲದೆ ದುರುಗುಟ್ಟುವ ತನಕ ಇಳಿಯಿತು. ಮತ್ತೆ ಏರಿಸಿದಳು, ನಕ್ಕಿತು. ಹೀಗೆ ಏಳೆಂಟು ಸಲ ಆದ ಮೇಲೆ ಗಾಣದವರ ಮುದುಕ ಎದ್ದು, “ನಮ್ಮ ಹುಡುಗಿ ನೋಡಿ ನಗ್ತೀರೋ ಅಂಜಸ್ತೀರೋ ಒಂದು ನಿಕ್ಕಿ ಮಾಡ್ರಿ!” ಎಂದು ಚಪ್ಪಲಿ ಹುಡುಕತೊಡಗಿದನಂತೆ, ತನ್ನ ಮನೆಯಲ್ಲೇ.

ಅಲ್ಲಿಂದ ಆಕೆ ನೇರ ನನ್ನ ಅಂಗಡಿಗೆ ಬಂದಳು. ಬಿಸಿಲಿನಲ್ಲಿ ನೋಡಿದೆ: ಎರಡೂ ಗಲ್ಲಗಳ ಮೇಲೆ ಮೆಟ್ಟಿಲು. ಬಾವಿಯ ಮೆಟ್ಟಿಲಿನ ಹಾಗೆ, ಒಂದರ ಕೆಳಗೊಂದು, ಕಿವಿಯಿಂದ ಬಾಯಿಗೆ. ಒಂದು ಇರುವೆ ಹತ್ತುತ್ತಿತ್ತು. ಪ್ರತಿ ಮೆಟ್ಟಿಲಿಗೂ ನಿಂತು ದಣಿವಾರಿಸಿಕೊಳ್ಳುತ್ತಿತ್ತು.

“ಏನ್ ಮಾಡೀಯೋ ಈರಸಂಗಾ ನನ್ನ ಮುಖಕ್ಕ?” ಎಂದಳು, ಬಾಯಿ ತುಂಬ ನಗುತ್ತ. ಸಿಟ್ಟು ಬಂದಿತ್ತು, ಆದರೆ ಅದು ಸಿಕ್ಕಿದ ಮೆಟ್ಟಿಲ ಮೇಲೆ ನಿಂತಿತ್ತು.

“ಅಕ್ಕಾರ, ಅದು ಎಂಟು ಬಿಟ್…”

“ಎಂಟು ಬಿಟ್ಟಿ? ಯಾಕ ಬಿಟ್ಟಿ?”

“ಬಿಟ್ಟಿದ್ದಲ್ರೀ, ಬಿಟ್. ಎಂಟು ಬಿಟ್.”

“ಅದನ್ನ ನಾನೂ ಕೇಳಾಕತ್ತೇನಿ. ಏನೇನು ಎಂಟು ಬಿಟ್ಟಿ, ಹೇಳು. ಎಲ್ಲಿಟ್ಟಿ? ಮನಿಗೆ ಒಯ್ದಿಯೇನು?”

“ಹಂಗಲ್ರೀ ಅಕ್ಕಾರ. ಹದಿನಾರು ಬಿಟ್ ಮಾಡಿದ್ರ ಹಿಂಗ ಆಗ್ತಿದ್ದಿಲ್ಲ.”

ನೀಲಗಂಗವ್ವ ಬಾಗಿಲಿಗೆ ತಿರುಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಕೇಳ್ರೆಪಾ! ಎಂಟು ಬಿಟ್ಟಿದ್ದಕ್ಕ ನನ್ನ ಗತಿ ಹಿಂಗಾತು. ಹದಿನಾರು ಬಿಡಬೇಕಂತ ಮನಸ್ಸಿತ್ತಂತ ಈತಂಗ!”

ಮರುದಿನ ಚಾವಡಿಯ ಕಾರಕೂನ ಗೋಡೆಗೆ ಸೂಚನೆ ಅಂಟಿಸಿದ: ‘ಇನ್ನು ಮುಂದೆ ಯಾರ ಮುಖದಲ್ಲೂ ಎಂಟನ್ನಾಗಲಿ ಹದಿನಾರನ್ನಾಗಲಿ ಬಿಡತಕ್ಕದ್ದಲ್ಲ. ಇದ್ದಷ್ಟನ್ನೂ ಹಾಕತಕ್ಕದ್ದು.’ ಜನ ಗುಂಪಾಗಿ ಬಂದು ತಮ್ಮ ಮುಖದಲ್ಲಿ ಎಷ್ಟು ಬಿಟ್ಟಿದ್ದೇನೆ ಎಂದು ಕೇಳತೊಡಗಿದರು. ಒಬ್ಬಳು ತನ್ನ ಗಂಡನದ್ದು ಇನ್ನೂ ನಾಲ್ಕು ಬಿಟ್ಟಿದ್ದರೂ ನಡೆಯುತ್ತಿತ್ತು ಎಂದಳು.

ಇದೆಲ್ಲ ನಗುವ ಮಾತು. ನಗಲು ನನಗೆ ಬಿಡುವಿರಲಿಲ್ಲ. ಮುಂದಿನ ವಾರದ ಗುರುವಾರ ಹಿಟ್ಟಿನ ಗಿರಣಿಯ ತಂಗೆವ್ವ, ಮಗ ಫಕೀರೇಶನಿಗೆ ಹೆಣ್ಣು ನೋಡಲು ನಮ್ಮ ಮನೆಗೇ ಬರುವವಳಿದ್ದಳು. ಹೆಣ್ಣು ನನ್ನ ಮಗಳು ಕಸ್ತೂರಿ. ನೋಡುವುದು ಶಾಸ್ತ್ರಕ್ಕೆ, ಮೂರು ಜನರ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ಸಲ ಜೋಳ ಬೀಸಿಸಲು ಹೋಗುವ ಹುಡುಗಿ ಯಾತಕ್ಕೆ ಹೋಗುತ್ತಾಳೆಂದು ಹಿಟ್ಟಿನ ಡಬ್ಬಿಗಳಿಗೂ ಗೊತ್ತಾಗಿತ್ತು. ತೊಡಕು ಒಂದೇ. ಕಸ್ತೂರಿಗೆ ಎಡಗಡೆ ಹಲ್ಲಿನ ಮೇಲೊಂದು ಹಲ್ಲಿತ್ತು. ಎರಡು ವರ್ಷದ ಕೆಳಗೆ, ಆಕೆ ಬೇಡವೆಂದರೂ ನಾನು ಅದನ್ನು ಫೋಟೋದಲ್ಲಿ ಸಾಲಿಗೆ ಕೂರಿಸಿದ್ದೆ. ತಂಗೆವ್ವ ತಿದ್ದಿದ ಮುಖದ ಸೊಸೆ ಬೇಡವೆಂದು ಈಗಾಗಲೇ ಎರಡು ಮನೆಯಿಂದ ಎದ್ದು ಬಂದವಳು. ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಆಗ ನೀಲಗಂಗವ್ವನ ಆ ಮುಖ ಬೇಕು.

“ಈ ಮಾರಿ ಹೊತ್ತುಕೊಂಡು ಬಂದು ನಿನ್ನ ಮಗಳ ಲಗ್ನ ಮುರಿಲೇನು?” ಎಂದಳು ಆಕೆ. “ಮುಖ ಕೊಡು, ಬರ್ತೇನಿ.”

ಚಾವಡಿಯ ನಿಯಮದಂತೆ ಹೊಸ ಫೋಟೋ ಆರು ವರ್ಷಕ್ಕೇ. ಗೋಡೆಯ ಮೇಲಿನದನ್ನು ತಿದ್ದಲು ಮಾತ್ರ ತಿಂಗಳೊಳಗೆ ಒಂದು ಅವಕಾಶ, ಒಂದೇ ಒಂದು. ಕಸ್ತೂರಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು.

ಮೊದಲು ಎಂಟರ ಫೋಟೋವನ್ನು ಹದಿನಾರಕ್ಕೆ ಬದಲಿಸಿದೆ. ಕಂಪ್ಯೂಟರು ಎಮ್ಮೆಯಾಯಿತು, ನಾವು ಚಹಾ ಕುಡಿದೆವು. ತೆರೆದು ನೋಡಿದರೆ ಅದೇ ಮೆಟ್ಟಿಲು.

“ಈಗ ಅರವತ್ತೈದು ಸಾವಿರ ಆದೂವಲ್ಲ ಅಪ್ಪಾ?” ಎಂದಳು ಕಸ್ತೂರಿ.

“ಜಾಗ ಆತವ್ವಾ. ಇಡಾಕ ಏನೂ ಇಲ್ಲ. ಎರಡು ಸೀರಿ ಇದ್ದಾಕಿಗೆ ಗೋಡಿ ತುಂಬ ಕಪಾಟು ಮಾಡಿಸಿಕೊಟ್ಟಂಗ.”

ಆಮೇಲೆ ಗಲ್ಲವನ್ನು ಮಸುಕು ಮಾಡಿದೆ. ಮೆಟ್ಟಿಲು ಹೋದವು, ಮೂಗೂ ಅವುಗಳ ಜೊತೆ ಹೊರಟಿತು. ಶಾವಂತ್ರಿ ಇಣುಕಿ ನೋಡಿ, “ಇದೇನ್ರೀ, ನೀಲಗಂಗಕ್ಕ ಇಡ್ಲಿ ಆಗ್ಯಾಳ,” ಎಂದಳು. ಅದನ್ನೂ ಬಿಟ್ಟೆ.

ಉಳಿದದ್ದು ಒಂದೇ ಉಪಾಯ: ಕಾಳು ಎರಚುವುದು. ಎರಡು ಮೆಟ್ಟಿಲಿನ ನಡುವೆ ಮೂರನೆಯದನ್ನು ಹುಟ್ಟಿಸಲು ಬರುವುದಿಲ್ಲ. ಆದರೆ ಮೇಲಿನ ಮೆಟ್ಟಿಲಿನ ಚುಕ್ಕಿಗಳನ್ನು ಕೆಳಗೂ, ಕೆಳಗಿನವನ್ನು ಮೇಲೂ ಸಣ್ಣಗೆ ಎರಚಿದರೆ, ದೂರದಿಂದ ನೋಡುವವರಿಗೆ ನಡುವೆ ಒಂದು ಬಣ್ಣ ಇದ್ದಂತೆ ಕಾಣುತ್ತದೆ. ಹತ್ತಿರ ಬಂದರೆ ಚುಕ್ಕಿ ಚುಕ್ಕಿ. ಎರಚಿ, ಪರದೆಯಿಂದ ಎದ್ದು ಬಾಗಿಲ ತನಕ ಹಿಂದೆ ಹೋಗಿ ನೋಡಿದೆ. ಎಂಟು ಅಡಿಯಿಂದ ನೀಲಗಂಗವ್ವ ಪೂರ್ತಿ ನೀಲಗಂಗವ್ವನಾಗಿದ್ದಳು. ಕಣ್ಣು ಮುಚ್ಚಿ ಗೋಡೆಗೆ ಕಳಿಸಿದೆ.

ಮಂಗಳವಾರ ಆಕೆ ನಮ್ಮ ಪಡಸಾಲೆಯಲ್ಲಿ ನಿಂತು ಮುಖ ಮಾಡಿ ತೋರಿಸಿದಳು. ದೂರದಿಂದ, ಅದೇ ಆ ಮುಖ: ಹೌದಲ್ಲ, ಅಲ್ಲವೂ ಅಲ್ಲ. ಕಸ್ತೂರಿ ಕುಣಿಯುವುದೊಂದು ಬಾಕಿ. ನಾನು ಮೆಲ್ಲಗೆ ಹತ್ತಿರ ಹೋದೆ. ಹತ್ತಿರದಿಂದ ಆ ಮುಖದಲ್ಲಿ ಸಾಸಿವೆಯಷ್ಟು ಸಣ್ಣ ಸಾವಿರ ನಗುಗಳು, ಸಾವಿರ ಸಿಟ್ಟುಗಳು ಒಂದರ ಪಕ್ಕ ಒಂದು ಕೂತು ಪಿಳಿಪಿಳಿ ನೋಡುತ್ತಿದ್ದವು.

“ಚಾಪಿ ಎಂಟು ಅಡಿ ದೂರ ಹಾಸು,” ಎಂದೆ ಹೆಂಡತಿಗೆ.

ಗುರುವಾರ ತಂಗೆವ್ವ ಬಂದಳು. ಗಟ್ಟಿ ಹೆಂಗಸು, ದಪ್ಪ ಗಾಜಿನ ಕನ್ನಡಕ. ಹಿಂದೆ ಫಕೀರೇಶ, ರೆಪ್ಪೆಯ ಮೇಲೆ ಆವತ್ತಿನ ಹಿಟ್ಟು ಹಾಗೇ ಇತ್ತು. ಅವಲಕ್ಕಿ ಆಯಿತು, ಚಹಾ ಆಯಿತು. ಕಸ್ತೂರಿ ಬಂದು ನಮಸ್ಕಾರ ಮಾಡಿ, ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ತಂಗೆವ್ವ ಬಾಯಿ ಒರೆಸಿಕೊಂಡು ನೀಲಗಂಗವ್ವನ ಕಡೆ ತಿರುಗಿದಳು.

“ಹುಡುಗಿ ಮುಖ ಅಸಲೋ, ತಿದ್ದಿದ್ದೋ?”

ನೀಲಗಂಗವ್ವ ಮುಖ ಮಾಡಿದಳು. ಎಂಟು ಅಡಿ ದೂರದಿಂದ ಅದು ಮೊದಲಿಗಿಂತ ಚೆನ್ನಾಗಿತ್ತು ಎಂದೇ ಹೇಳಬೇಕು. ಶಾವಂತ್ರಿ ಉಸಿರುಬಿಟ್ಟಳು. ತಂಗೆವ್ವ ತಲೆಯಾಡಿಸಲು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿದಳು.

“ಸರಿ ಕಾಣವಲ್ದು,” ಎಂದು ಕನ್ನಡಕವನ್ನು ಸೆರಗಿನಿಂದ ಒರೆಸಿದಳು. ಮತ್ತೆ ನೋಡಿದಳು. ಆಮೇಲೆ ಕೂತಲ್ಲೇ ಮುಂದೆ ಸರಿದಳು.

“ಅಲ್ಲೇ ಕೂಡ್ರಿ, ಅಲ್ಲೇ ಗಾಳಿ ಬರ್ತೈತಿ,” ಎಂದೆ.

“ನನಗ ಗಾಳಿ ಬ್ಯಾಡ,” ಎಂದು ಇನ್ನೊಂದು ಅಡಿ ಸರಿದಳು. ನೀಲಗಂಗವ್ವ ಅಷ್ಟೇ ಹಿಂದೆ ಸರಿದಳು. ತಂಗೆವ್ವ ಸರಿದಳು, ನೀಲಗಂಗವ್ವ ಸರಿದಳು. ಇಬ್ಬರು ಹಿರಿಯ ಹೆಂಗಸರು ಕೂತ ಭಂಗಿಯಲ್ಲೇ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಪ್ರಯಾಣ ಮಾಡಿದರು. ಕೊನೆಗೆ ಗೋಡೆ ಬಂತು. ನೀಲಗಂಗವ್ವನ ಬೆನ್ನು ಗೋಡೆಗೆ ತಾಗಿತು, ತಂಗೆವ್ವನ ಕನ್ನಡಕ ನೀಲಗಂಗವ್ವನ ಮೂಗಿಗೆ ತಾಗಿತು. ಆ ದಪ್ಪ ಗಾಜಿನಲ್ಲಿ ಆಕೆಗೆ ಏನೇನು ಕಂಡಿತೋ.

“ಇಲ್ಲಿ ಹೌದು ಅಂತೈತಿ,” ಎಂದು ಬೆರಳು ತೋರಿಸಿದಳು ತಂಗೆವ್ವ. “ಅದರ ಮಗ್ಗಲಕ ಅಲ್ಲ ಅಂತೈತಿ. ಇಲ್ಲಿ ಮತ್ತ ಹೌದು. ಏನಿದು ನೀಲಗಂಗಕ್ಕ, ಮುಖ ಅನ್ನೂದು ಸಂತಿ ಆಗೇತಿ?”

ನೀಲಗಂಗವ್ವ ನನ್ನ ಕಡೆ ನೋಡಿದಳು. ಬಾಗಿಲ ಕಡೆ ನೋಡಿದಳು. ಅಲ್ಲಿ ಕಸ್ತೂರಿಯ ಬಳೆಗಳ ಸದ್ದು ನಿಂತಿತ್ತು. ಆಮೇಲೆ, ಮೂವತ್ತು ವರ್ಷದ ವೃತ್ತಿಯಲ್ಲಿ ಮೊದಲ ಸಲ, ಆಕೆ ಬಾಯಿ ಬಿಟ್ಟಳು.

“ತಿದ್ಯಾನವಾ ತಂಗೆವ್ವಾ. ಒಂದು ಹಲ್ಲು. ಎಡಗಡೆದು. ಒಂದರ ಮ್ಯಾಲೊಂದು ಹತ್ತಿ ಕುಂತಿತ್ತು, ಇಳಿಸ್ಯಾನ. ಉಳಿದದ್ದೆಲ್ಲಾ ಹುಡುಗೀದ. ನನ್ನ ಮುಖ ಕೆಟ್ಟೈತಿ, ಮಾತು ಕೆಟ್ಟಿಲ್ಲ.”

ಶಾವಂತ್ರಿ ನನ್ನನ್ನು ನೋಡಿದ ರೀತಿಗೆ ಎಷ್ಟು ಬಿಟ್ ಎಂದು ಹೇಳಲಾರೆ. ತಂಗೆವ್ವ ಎದ್ದು ನಿಲ್ಲಲು ಒಂದು ಕೈ ಊರಿದಳು.

“ನನಗ ಗೊತ್ತೈತಿ ಯವ್ವಾ,” ಎಂದ ಫಕೀರೇಶ. ಅಲ್ಲಿಯ ತನಕ ಅವನಿಗೆ ಬಾಯಿದೆ ಎಂಬುದೇ ನಮಗೆ ಮರೆತಿತ್ತು. “ಮೊದಲಿನ ಹಲ್ಲ ಚಲೋ ಇತ್ತು. ನಕ್ಕಾಗ ಅದೊಂದ ಮುಂಚೆ ಹೊರಗ ಬರ್ತಿತ್ತು.”

ಬಾಗಿಲ ಮರೆಯಲ್ಲಿ ಬಳೆಗಳು ಸದ್ದು ಮಾಡಿದವು. ತಂಗೆವ್ವ ಊರಿದ ಕೈಯನ್ನು ಹಾಗೇ ಇಟ್ಟುಕೊಂಡು ಮಗನನ್ನು ನೋಡಿದಳು.

“ಎಂದಿನಿಂದ ನೋಡಾಕತ್ತೀಯೋ ಆ ಹಲ್ಲ?”

“ಜ್ವಾಳ ಬೀಸಿಸಾಕ ಬರ್ತಿದ್ಲು,” ಎಂದ ಅವನು, ಹಿಟ್ಟು ಉದುರುವಂತೆ ರೆಪ್ಪೆ ಬಡಿಯುತ್ತ.

ತಂಗೆವ್ವ ಕೂತಳು. ಆಮೇಲೆ ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆವು, ನಗುತ್ತಿದ್ದಳು. “ಹಲ್ಲಿನ ಸಲುವಾಗಿ ನಾ ಏನು ಹೇಳ್ಲಿ? ಹೋದ ವರ್ಷ ಇವನ ನೆತ್ತಿ ಬೋಳಾಗಾಕತ್ತಿತ್ತು. ಗುಟ್ಟಾಗಿ ಬಂದು, ಫೋಟೋದಾಗ ತುಂಬಸ್ರಿ ಅಂತ ಈರಸಂಗಪ್ಪಗ ಕೈ ಮುಗದಾಕಿ ನಾನ. ಮಂದಿ ಮುಖಾ ಅಸಲೋ ಅಂತ ಕೇಳಿಕೋತ ತಿರುಗೂದು, ನಮ್ಮದನ್ನ ಯಾರೂ ಕೇಳಬಾರದಂತ.” ಕಣ್ಣೊರೆಸಿಕೊಂಡು, “ನೀಲಗಂಗಕ್ಕ, ಬಾಯಿಲೆ ಹೇಳಿದಿ, ಚಲೋ ಮಾಡಿದಿ. ಸಕ್ಕರಿ ತರಸ್ರಿ,” ಎಂದಳು.

ಶಾವಂತ್ರಿ ಓಡಿದಳು. ಸಕ್ಕರೆ ಬಂತು. ಎಲ್ಲರ ಬಾಯಿಗೂ ಬಿತ್ತು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ತಂಗೆವ್ವ ಸಕ್ಕರೆ ಚಪ್ಪರಿಸುತ್ತ, ಮಗನ ನೆತ್ತಿಯ ಮೇಲೆ ಕೈಯಾಡಿಸುತ್ತ, ಏನೋ ನೆನಪಾದವಳಂತೆ ನನ್ನ ಕಡೆ ತಿರುಗಿದಳು.

“ಅಂದಂಗ ಬೀಗರ, ಊರಾಗೆಲ್ಲಾ ಅದ ಮಾತು ನಡದೈತಿ. ಇವನ ನೆತ್ತಿ ಎಂಟರಾಗ ಮಾಡೀರೋ, ಹದಿನಾರರಾಗೋ? ನಾಳೆ ಬಿಸಿಲಿಗೆ ಮೆಟ್ಟಿಲು ಗಿಟ್ಟಿಲು ಕಾಣಸೂದಿಲ್ಲ ಹೌದಲ್ರೀ?”

ಎಲ್ಲರೂ ನನ್ನನ್ನು ನೋಡಿದರು. ಫಕೀರೇಶ ನೋಡಿದ, ಶಾವಂತ್ರಿ ನೋಡಿದಳು, ಕಸ್ತೂರಿ ಬಾಗಿಲಿನಿಂದ ಪೂರ್ತಿ ಹೊರಗೆ ಬಂದು ನೋಡಿದಳು. ಊರಿನ ಮುಖಗಳನ್ನೆಲ್ಲ ಎಂಟರಲ್ಲಿ ಮುಗಿಸಿದ ನಾನು ಒಂದೇ ಒಂದು ಮುಖವನ್ನು, ಪ್ರತಿ ಸಲವೂ ಎರಡು ದಿನ ಅಂಗಡಿ ಮುಚ್ಚಿ, ಕಂಪ್ಯೂಟರಿಗೆ ಬೀಸಣಿಗೆ ಹಿಡಿದು, ಹದಿನಾರರಲ್ಲಿ ಮಾಡಿದ್ದೆ. ಅದು ನನ್ನದು. ಹದಿನೆಂಟು ವರ್ಷ ಅದರಿಂದ ಏನೂ ಉಪಯೋಗವಾಗಿರಲಿಲ್ಲ. ಈಗ ಅರವತ್ತೈದು ಸಾವಿರ ಮೆಟ್ಟಿಲುಗಳಲ್ಲಿ ಸರಿಯಾಗಿ ನಡುವಿನದನ್ನು ಹುಡುಕಿ, ಅದರ ಮೇಲೆ ಎರಡೂ ಕಾಲೂರಿ ನಿಂತೆ.

ತಂಗೆವ್ವ ನನ್ನ ಮುಖವನ್ನು ಹತ್ತಿರದಿಂದಲೇ ನೋಡಿದಳು. ಸಮಾಧಾನದಿಂದ ತಲೆಯಾಡಿಸಿ ಇನ್ನೊಂದು ಚಿಟಿಕೆ ಸಕ್ಕರೆ ತೆಗೆದುಕೊಂಡಳು.

ಗೋಡೆಗೆ ಒರಗಿ ಕೂತಿದ್ದ ನೀಲಗಂಗವ್ವ ಮಾತ್ರ ನೆಟ್ಟ ನೋಟ ಕೀಳಲಿಲ್ಲ.

“ಹೌದಲ್ಲೋ ಈರಸಂಗಾ,” ಎಂದಳು ಮೆಲ್ಲಗೆ, “ಅದು ನನ್ನ ಮುಖ.”